ಕೆಮ್ಮು ಕಲಿತ ಕಂಪ್ಯೂಟರ್

ನಿನ್ನೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ನಮ್ಮ ಕೋಣೆಗೆ ಬಂದು ದೂರಿದಳು: “ಸರ್, ನಿಮ್ಮ ಕಂಪ್ಯೂಟರ್ ಭಾಳ ಹೊಲಸ ಬೈತೈತ್ರಿ.” ಅವಳ ಕೈಯಲ್ಲಿದ್ದ ಹಾಳೆ ನೋಡಿದೆ. ಎಂದೋ ಸತ್ತುಹೋದ ಯಾವನೋ ಭಾವ ತನ್ನ ಮೈದುನನ ವಂಶವನ್ನೇ ಜಾಲಾಡಿದ್ದ. ನನಗೆ ಹಿಗ್ಗೋ ಹಿಗ್ಗು. ಕಾರಣ ಹೇಳಬೇಕೆಂದರೆ ಸ್ವಲ್ಪ ಮಾನ ಕಳೆದುಕೊಳ್ಳಬೇಕಾಗುತ್ತದೆ. ಇರಲಿ, ನೀವೇನು ಹೊರಗಿನವರೇ?

ಬೆಳಗಾವಿಯ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ನಮ್ಮದೊಂದು ಸಹಾಯ ಕೇಂದ್ರ. ಹಳೆಯ ಕೈಬರಹದ ಕಾಗದ ತಂದುಕೊಟ್ಟರೆ ಫೋಟೊ ತೆಗೆದು ಕಂಪ್ಯೂಟರಿನಿಂದ ಓದಿಸಿ ಕೊಡುತ್ತೇವೆ. ಅದಕ್ಕೆ ಮೊದಲು ಓದು ಕಲಿಸಬೇಕು; ಒಂದೊಂದು ಸಾಲಿನ ಚಿತ್ರದ ಪಕ್ಕ ಅದರಲ್ಲೇನಿದೆ ಎಂದು ಟೈಪು ಮಾಡುತ್ತ ಹೋಗಬೇಕು. ನಮ್ಮ ಕಡೆಯ ಹಳೆಯ ಕಾಗದಗಳೋ ಹೆಚ್ಚಾಗಿ ಮೋಡಿ ಲಿಪಿಯವು, ಲೇಖನಿ ಎತ್ತದೆ ಒಂದೇ ಉಸಿರಿಗೆ ಎಳೆದ ಮರಾಠಿ. ಕೇಂದ್ರದ ಮುಖ್ಯಸ್ಥನಾದ ನನಗೆ ಅದರಲ್ಲಿ ಒಂದಕ್ಷರವೂ ಬರುತ್ತಿರಲಿಲ್ಲ. ನನ್ನನ್ನು ಆರಿಸಿದವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹಾಗಾಗಿ ಖಾನಾಪುರದಿಂದ ಕೃಷ್ಣಾಜಿ ಕಾಕಾ ಬಂದರು. ಎಂಬತ್ತು ದಾಟಿದವರು, ಊರಿನ ಮನೆಮನೆಯ ಪತ್ರ ಓದಿ ಹೇಳುತ್ತಿದ್ದವರ ಮಗ, ಆಮೇಲೆ ಸ್ವತಃ ಅದೇ ಕೆಲಸ ಮಾಡಿದವರು. ಬಸ್ಸಿಳಿದು, ಚಹಾ ಕುಡಿದು, ಓದುವರು. ನಾನು ಟೈಪಿಸುವೆ. ನಡುನಡುವೆ ಕೆಮ್ಮು ಬಂದು, ನಿಂತ ಮೇಲೆ “ಬಾಕಿ ಸರ್ವ ಕ್ಷೇಮ” ಅನ್ನುವರು. ಅದನ್ನೂ ಟೈಪಿಸಿದೆ. ಪಾಪ, ಹಳೆಯ ಕಾಗದದ ಧೂಳು ಎಂದು ಕಲ್ಲುಸಕ್ಕರೆಯ ಡಬ್ಬಿಯನ್ನೂ ತಂದಿಟ್ಟೆ.

ಎರಡು ವರ್ಷದ ಮೇಲೆ ಖಾನಾಪುರದ ಶಾಂತಕ್ಕ ಒಂದು ಪತ್ರ ಹಿಡಿದು ಬಂದಳು. ಅವಳ ತಾಯಿ ವಡಗಾವಿಯ ನೇಕಾರರ ಮನೆಯವಳು.

“ಅವ್ವ ತನ್ನ ಮನಸ್ಸಿಗೆ ಬಂದವನ ಜೋಡಿ ಹೋಗಿ ಲಗ್ನಾ ಆದ್ಲ್ರಿ. ಆಮ್ಯಾಲ ಅಜ್ಜ ಇದೊಂದ ಪತ್ರಾ ಕಳಿಸಿದ್ದ. ಮಂದಿ ಕಡೆ ಓದಸಾಕ ಅಂಜಿ ಸಾಯೂತನಕ ಹಂಗ ಇಟ್ಕೊಂಡಿದ್ಲು. ತವರಿಗೂ ಹೋಗಲಿಲ್ಲ. ಅಜ್ಜ ಏನಂದಿದ್ದ, ಅಷ್ಟ ತಿಳೀಬೇಕ್ರಿ.”

ಕಂಪ್ಯೂಟರ್ ಓದಿತು: ‘ಮಗಳಿಗೆ ಆಶೀರ್ವಾದ. ಬಾಕಿ ಸರ್ವ ಕ್ಷೇಮ. ಬಾಕಿ ಸರ್ವ ಕ್ಷೇಮ. ಬಾಕಿ ಸರ್ವ ಕ್ಷೇಮ.’

ಶಾಂತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಉಬ್ಬಿಹೋಗಿ ಇನ್ನೊಮ್ಮೆ ಗಟ್ಟಿಯಾಗಿ ಓದಿದೆ. ಆಗ ಅನುಮಾನ ಬಂತು. ಸರ್ಕಾರಿ ಸುತ್ತೋಲೆ ಕೂಡ ಒಂದೇ ಮಾತನ್ನು ಮೂರು ಸಲ ಹೇಳುವುದಿಲ್ಲ. ಪಕ್ಕದಲ್ಲೇ ಕೂತಿದ್ದ ಕಾಕಾನ ಕೈಗೆ ಮೂಲಪತ್ರ ಕೊಟ್ಟೆ. ಕಾಕಾ ನೋಡಿದರು, ಕೆಮ್ಮು ಶುರುವಾಯಿತು.

“ಕಾಕಾ, ಕೆಮ್ಮಬ್ಯಾಡ್ರಿ. ಏನೈತಿ ಅದರಾಗ?”

“ಪತ್ರಾ ಓದೂ ಮುಂದ ಎದುರಿಗೆ ಹೆಣ್ಮಕ್ಕಳು ಕುಂತಿರತಾರಪಾ. ಬೈಗಳ ಬಂದ್ರ ನಮ್ಮಪ್ಪನೂ ಹಿಂಗ ದಾಟಸತಿದ್ದ. ಪತ್ರಾ ಓದಾವ ಮನಿ ಒಡೀಬಾರದು.”

ಕಾಕಾನ ಮರ್ಯಾದೆಯನ್ನೆಲ್ಲ ಎರಡು ವರ್ಷ ಶ್ರದ್ಧೆಯಿಂದ ಯಂತ್ರಕ್ಕೆ ಕಲಿಸಿದ್ದೆ. ಸಿಟ್ಟಿನ ಬರಹ ಕಂಡಲ್ಲೆಲ್ಲ ಅದು ಕ್ಷೇಮ ಹೇಳುತ್ತಿತ್ತು. ನಾಚಿಕೆಯಿಂದ ಶಾಂತಕ್ಕನ ಮುಖ ನೋಡಲಾಗಲಿಲ್ಲ.

“ಬೈದಿದ್ರ ಬೈದಾನ್ರಿ. ಇದ್ದದ್ದ ಇದ್ದಂಗ ಓದ್ರಿ ಕಾಕಾ,” ಅಂದಳು ಆಕೆ.

ಕಾಕಾ ಕನ್ನಡಕ ಒರೆಸಿಕೊಂಡು, ಆಶೀರ್ವಾದದ ಮುಂದಿನದನ್ನು ಓದಿ, ಕನ್ನಡದಲ್ಲಿ ಹೇಳಿದರು: “ಮನೆತನದ ಮೂಗ ಕೊಯ್ದಾಕಿ, ನನ್ನ ಪಾಲಿಗೆ ನೀ ಸತ್ತಿ. ಹೊಸ್ತಿಲಾ ತುಳದ್ರ ಕಾಲ ಮುರೀತೀನಿ. ನೀ ಕೂಡತಿದ್ದ ಮಗ್ಗದ ಮ್ಯಾಲ ಇನ್ನೂ ಯಾರನ್ನೂ ಕೂಡಿಸಿಲ್ಲ. ಸೀರಿ ಅರ್ಧಕ್ಕ ನಿಂತೈತಿ. ಅದನ್ನ ಯಾರು ಮುಗಿಸಬೇಕು, ಹೇಳು.”

ಶಾಂತಕ್ಕ ಪತ್ರ ತೆಗೆದುಕೊಂಡು ಬಹಳ ಹೊತ್ತು ಮಡಿಚಿದಳು.

“ಇದನ್ನ ಓದಿಸಿದ್ರ ಅವ್ವ ಮರದಿನಾನ ಹೋಗತಿದ್ಲು,” ಅಂದಳು.

ಅಂದಿನಿಂದ ಕಾಕಾ ಮತ್ತು ನಾನು ಎಲ್ಲ ಕಾಗದಗಳನ್ನೂ ಮೊದಲಿನಿಂದ ಓದುತ್ತಿದ್ದೇವೆ, ಬೈಗುಳ ಸಮೇತ. ನಾನೂ ಮೋಡಿ ಕಲಿಯುತ್ತಿದ್ದೇನೆ, ಕಂಪ್ಯೂಟರಿಗಿಂತ ದಡ್ಡನಾಗಿ. ಇವತ್ತು ಬೆಳಿಗ್ಗೆ ಕಾಕಾ ಒಂದು ಪತ್ರವನ್ನು ಬದಿಗೆ ತೆಗೆದಿಟ್ಟರು.

“ಇದನ್ನ ನಾನ ಒಬ್ಬಾಕಿ ಮನ್ಯಾಗ ಕೆಮ್ಮಿಕೋತ ಓದಿದ್ದೆ. ಆ ಹೆಣ್ಮಗಳು ಇನ್ನೂ ಅದಾಳ ಅಂತ ಕೇಳೀನಿ.”

ಶನಿವಾರ ಇಬ್ಬರೂ ಖಾನಾಪುರಕ್ಕೆ ಹೋಗುತ್ತಿದ್ದೇವೆ.