ಹಿತ್ತಲ ಬಾಗಿಲಿನಿಂದ ಬಂದ ಕೂಗು

ಕೂಡ್ಲಿಗಿ ದಾಟುವಷ್ಟರಲ್ಲಿ ಬಸ್ಸು ಪಂಕ್ಚರ್ ಆಗಬಹುದಿತ್ತು. ಆಧಾರ್ ಕಾರ್ಡು ಮನೆಯಲ್ಲೇ ಉಳಿಯಬಹುದಿತ್ತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಹೆಂಡತಿ ತಪ್ಪು ಗೇಟಿನಲ್ಲಿ ಕೂತು ಇನ್ಯಾವುದೋ ಊರಿಗೆ ಹಾರಬಹುದಿತ್ತು. ತನ್ನ ತಂಗಿಗೆಂದು ಅವಳು ಒಯ್ದ ಅಂಟಿನುಂಡೆಗಳನ್ನು ತಪಾಸಣೆಯವರು ಒಂದೊಂದಾಗಿ ಒಡೆದು ನೋಡಬಹುದಿತ್ತು. ವಿಮಾನ ಬೀಳುವ ಸಂಗತಿ ಬಿಡಿ, ಅದಕ್ಕೆ ನಾನು ಬೇರೆಯೇ ಹೊತ್ತು ತೆಗೆದಿಟ್ಟಿದ್ದೆ.

ಅವಳು ಮೊದಲ ಸಲ ವಿಮಾನ ಹತ್ತಿದ್ದು ಕಳೆದ ವರ್ಷ. ತಂಗಿಯ ಗಂಡ ಮಿಲಿಟರಿಯವನು, ಇರುವುದು ಗುವಾಹಟಿಯಲ್ಲಿ. ತಂಗಿಯ ಬಾಣಂತನಕ್ಕೆ ಇವಳು ಒಬ್ಬಳೇ ಹೊರಟಿದ್ದಳು. ಫೋನಿನಲ್ಲಿ ಹುಡುಕಿದೆ. ಬೆಂಗಳೂರಿನಿಂದ ಎರಡು ಸಾವಿರ ಕಿಲೋಮೀಟರಿಗೂ ಮೇಲೆ, ಹೆಚ್ಚುಕಡಿಮೆ ಮೂರು ಗಂಟೆಯ ಹಾರಾಟ. ನಮ್ಮ ಹಗರಿಬೊಮ್ಮನಹಳ್ಳಿಯಿಂದ ಬೆಂಗಳೂರಿಗೆ ಬಸ್ಸೇ ಇದರ ಎರಡರಷ್ಟು ಹೊತ್ತು ತಿನ್ನುತ್ತದೆ. ಅಷ್ಟು ದೂರ ಇಷ್ಟು ಬೇಗ ಹೋಗುವುದೇ ನನ್ನ ಅನುಮಾನಕ್ಕೆ ಸಾಕಾಗಿತ್ತು. "ವಿಮಾನ ಹತ್ತಾಕಿ ನಾನು, ಎದಿ ಹೊಡಕೊಳ್ಳೋದು ನಿಮಗ್ಯಾಕ್ರಿ?" ಎಂದು ನಗುತ್ತಾ ಬಸ್ಸು ಹತ್ತಿದಳು.

ಇಷ್ಟೆಲ್ಲಕ್ಕೆ ಹೆದರುವ ನಾನು ದೆವ್ವಕ್ಕೆ ಮಾತ್ರ ಹೆದರಿದವನಲ್ಲ. ನಂಬಿಕೆಯೇ ಇರಲಿಲ್ಲ. ಒಂದೇ ಸಲ ಕೂಗಿದರೆ ಓ ಅನ್ನಬಾರದು, ಅದು ಮನುಷ್ಯರ ಕೂಗಲ್ಲ, ಮೂರನೇ ಸಲಕ್ಕೆ ಓಗೊಡಬೇಕು ಎಂದು ಅವ್ವ ಹೇಳುವಾಗ ನಕ್ಕು ಬೈಸಿಕೊಂಡವನು.

ಅವತ್ತು ಮಧ್ಯಾಹ್ನ ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದೆ. ಪಕ್ಕದಲ್ಲಿಟ್ಟ ಫೋನಿನ ನಕ್ಷೆಯಲ್ಲಿ ಅವಳ ವಿಮಾನ ಇರುವೆಯಷ್ಟಾಗಿ ಕಡಲಿನ ಮೇಲೆ ಹರಿಯುತ್ತಿತ್ತು. ಆಗ ಹಿತ್ತಲ ಬಾಗಿಲ ಆಚೆಯಿಂದ ಅವಳ ದನಿ ನನ್ನ ಹೆಸರು ಹಿಡಿದು ಕೂಗಿತು. ಒಂದೇ ಸಲ. ದನಿ ಅವಳದೇ, ಸುಳ್ಳಲ್ಲ. ಆದರೆ ಮದುವೆಯಾದಾಗಿನಿಂದ ಅವಳು ನನ್ನನ್ನು 'ರೀ' ಎಂದಿದ್ದಾಳೆಯೇ ಹೊರತು ಹೆಸರು ಹಿಡಿದವಳಲ್ಲ. ಹೆಸರು ಹೇಳಿದ್ದು ಮದುವೆಯ ದಿನ, ಗಂಡನ ಹೆಸರು ಪೋಣಿಸಿ ಹೇಳುವ ಒಡಪಿನಲ್ಲಿ, ಅದೂ ಎಲ್ಲರೂ ಕಾಡಿದ ಮೇಲೆ.

ಓ ಎನ್ನಲು ತೆರೆದ ಬಾಯಿ ಮುಚ್ಚಿಕೊಂಡೆ. ಬಾಗಿಲಿಗೆ ಚಿಲಕ ಜಡಿದು ಬೆನ್ನು ಕೊಟ್ಟು ನಿಂತೆ. ಎರಡನೇ ಕೂಗು ಬರಲಿಲ್ಲ. ಧೈರ್ಯ ತಂದುಕೊಂಡು ತೆರೆದರೆ ತಂತಿಯ ಮೇಲೆ ನನ್ನ ಲುಂಗಿ ಬಿಟ್ಟು ಏನೂ ಇರಲಿಲ್ಲ.

ಇಳಿದ ಮೇಲೆ ಅವಳೇ ಫೋನ್ ಮಾಡಿದಳು. ಎಲ್ಲ ಸುಸೂತ್ರವಂತೆ, ಉಂಡೆಗಳೂ ಒಡೆದಿಲ್ಲವಂತೆ. ದಾರಿಯಲ್ಲಿ ಒಮ್ಮೆ ಮಾತ್ರ ವಿಮಾನ ಜೋರಾಗಿ ಕುಲುಕಾಡಿತಂತೆ.

"ಕೆಳಗ ನೋಡಿದ್ರ ಬರೇ ನೀರು. ಜೀವ ಹೋತು ಅಂದು ನಿಮ್ಮ ಹೆಸರು ಹಿಡದು ಕೂಗಿಬಿಟ್ನಿರಿ. ಬಾಜೂಕ ಕುಂತಾಕಿ ನಗಾಕ ಹತ್ತಿದ್ಲು. ಸಿಟ್ಟಾಗಬ್ಯಾಡ್ರಿ ಮತ್ತ."

ಊಟ ಆಯಿತೇ ಎಂದು ಕೇಳಿದೆ.

ಆ ಕೂಗು ಅಷ್ಟು ದೂರ ಹೇಗೆ ಬಂತೋ ಇವತ್ತಿಗೂ ತಿಳಿದಿಲ್ಲ. ಕಿವಿಯ ಭ್ರಮೆ ಎನ್ನುವವರ ಜೊತೆ ವಾದಕ್ಕಿಳಿಯುವುದಿಲ್ಲ. ಅದು ಭ್ರಮೆಯೇ ಆಗಿದ್ದರೆ ನನಗೂ ಚೆನ್ನಾಗಿತ್ತು. ಈಗ ಅವಳು 'ರೀ' ಎಂದ ಮೊದಲ ಸಲಕ್ಕೇ ಕೈಯಲ್ಲಿದ್ದದ್ದು ಬಿಟ್ಟು ಓಡುತ್ತೇನೆ. ಯಾಕೆಂದು ಅವಳಿಗೆ ಹೇಳಿಲ್ಲ. ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಆಗಿದ್ದು ಇಷ್ಟೇ: ಅವಳು ಕರೆದಳು, ನಾನು ಓ ಅನ್ನಲಿಲ್ಲ.