ಇಲ್ಲೇ ಐತಿ

ನಮ್ಮ ಕಡೆ ಯಾರನ್ನ ದಾರಿ ಕೇಳ್ರಿ, 'ಇಲ್ಲೇ ಐತ್ರಿ' ಅಂತಾರ. ಆ 'ಇಲ್ಲೇ' ಮೂರು ಊರ ಆಚಿಗಿದ್ರೂ ಅಷ್ಟ. ನನ್ನ ಮಗಳು ದಾನೇಶ್ವರಿ ದೂರದ ಓಟ ಕಲ್ತದ್ದು ಇದೊಂದ ಮಾತಿನ ಮ್ಯಾಲೆ. ಹೇಳ್ತಿದ್ದಾಂವ ನನ್ನ ಖಾಸ ತಮ್ಮ, ನಾಗಲಿಂಗ.

ದಾನಿ ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕಾರ್ಖಾನಿಯೊಳಗ ಕೆಲಸ ಮಾಡ್ತಾಳ. ನಸುಕಿನ್ಯಾಗ ಎದ್ದು ಗುಡೂರ ರಸ್ತೆದ ಮ್ಯಾಲೆ ಓಡಾಕಿ. ಹಿಂದ ನಾಗಲಿಂಗನ ಬೈಕು. ಮೊದಮೊದಲ ಹೊಟ್ಟಿ ಹಿಡಕೊಂಡು ಕುಂತ ಬಿಡ್ತಿದ್ಲು. 'ಏಳವ್ವಾ, ಆ ಬೇವಿನ ಗಿಡ ಇಲ್ಲೇ ಐತಿ' ಅಂತಿದ್ದ. ಗಿಡ ಮುಟ್ಟಿದ್ರ, 'ಹಳ್ಳ ಇಲ್ಲೇ ಐತಿ.' ಮಾಮಾ ಸುಳ್ಳ ಹೇಳ್ತಾನಂತ ಆಕಿಗೆ ಗೊತ್ತಿತ್ತು, ಗೊತ್ತಿದ್ದೂ ಓಡ್ತಿದ್ಲು. ಕಾಲು ಒಲ್ಲೆ ಅಂದ ಮ್ಯಾಲೂ ಮೈಯಾಗ ಇನ್ನೊಂದಿಷ್ಟು ದಮ್ಮ ಇರ್ತೈತಿ ಅನ್ನೋದನ್ನ ಹಂಗ ಕಲ್ತಳು. 'ಯವ್ವಾ, ಇವತ್ತೂ ಮಾಮಾ ಮೋಸ ಮಾಡಿದ' ಅಂತ ನಕ್ಕೋತ ಮನಿಗೆ ಬಂದು ರೊಟ್ಟಿಗೆ ಕೂಡ್ತಿದ್ಲು. ನಾನೂ ನಗತಿದ್ದೆ. ಎಂಥಾ ಹುಚ್ಚಿ ನಾ!

ಬಾಗಲಕೋಟಿ ನವನಗರದಾಗ ಜಿಲ್ಲಾ ಓಟ ಇಟ್ರು. ಮೊದಲ ಬಂದ ಒಬ್ಬಾಕಿ ಅಷ್ಟ ರಾಜ್ಯದ ಓಟಕ್ಕ ಹೋಗಬೇಕು. ನಾಗಲಿಂಗನ ಮಗಳು ಪದ್ಮಶ್ರೀನೂ ಓಡಿದ್ಲು. ಓಡ್ಲಿ, ಆಕಿನೂ ನಮ್ಮ ಮನಿ ಹುಡುಗಿನ. ನವನಗರದ ರಸ್ತೆ ಎಲ್ಲಾ ಒಂದ ನಮೂನಿ, ಓಡಾಕಿಗೆ ಎಲ್ಲಿ ಮುಗೀತೈತಿ ತಿಳಿಯಂಗಿಲ್ಲ. ನಾಗಲಿಂಗ ಮೊದಲ ಸುತ್ತಾಡಿ ನೋಡಿ ಬಂದು, ಕಡೀ ತಿರುವಿನ್ಯಾಗ ನಿಂತಿದ್ದ. ಎಲ್ಲಾರಕಿಂತ ಮುಂದ ಬಂದ ದಾನಿಗೆ, 'ಇನ್ನ ಭಾಳ ದೂರ ಐತಿ, ದಮ್ಮ ಉಳಿಸ್ಕೋ' ಅಂದ. ಮಾಮಾನ ಮಾತು! ಆಕಿ ಓಟ ಸಾವಕಾಶ ಮಾಡಿದ್ಲು. ಬೆನ್ನ ಹಿಂದ ಅವನ ದನಿನ ಕೇಳಿಸ್ತು: 'ಪದ್ದೀ, ಇಲ್ಲೇ ಐತಿ, ಓಡ!' ತಿರುವು ದಾಟಿದ್ರ ಎದುರಿಗೇ ರಿಬ್ಬನ್. ದಾನಿ ಮತ್ತ ಕಾಲು ಎತ್ತೋದರೊಳಗ ಪದ್ಮಶ್ರೀ ಬಾಜೂಕ ಹಾದು ಹೋಗಿದ್ಲು.

ಇದನ್ನೆಲ್ಲಾ ದಾನಿ ಮನಿಗೆ ಬಂದು ಹೇಳಿದ್ಲು. ಹೊರಗಿನಾಂವ ಮಾಡಿದ್ರ ನಾಕ ಬೈದು ಸುಮ್ಮ ಆಗ್ತಿದ್ದೆ. ಒಂದ ಹೊಟ್ಟ್ಯಾಗ ಹುಟ್ಟಿದಾಂವ!

ನಾಗರ ಪಂಚಮಿಗೆ ಕರಿಯಾಕ ನಾಗಲಿಂಗ ಉಂಡಿ ಡಬ್ಬಿ ಹಿಡಕೊಂಡು ಬಂದ. 'ಅಕ್ಕಾ, ತವರಿಗೆ ನಡಿ' ಅಂದ. ಏನೂ ಆಗಿಲ್ಲ ಅನ್ನೋರಂಗ! ನಾ ಬಾಯಿ ತಗಿಯೋದ್ರಾಗ ದಾನಿ ಹೊರಗ ಬಂದು ನಿಂತಳು.

'ಪದ್ದಿಗೆ ಬಿಟ್ಟುಕೊಡಂತ ಬಾಯಿ ಬಿಟ್ಟು ಕೇಳಿದ್ರ ನಾ ಬಿಡ್ತಿದ್ದಿಲ್ಲ ಮಾಮಾ, ಜಗಳಾ ಆಡ್ತಿದ್ದೆ' ಅಂದ್ಲು. 'ಆದ್ರ ಮರದಿನ ಮತ್ತ ನಿನ್ನ ಮಾತ ಕೇಳಿನ ಓಡ್ತಿದ್ದೆ.'

ನಾಗಲಿಂಗ ಡಬ್ಬಿ ಅಂಗಳದ ಕಟ್ಟಿ ಮ್ಯಾಲಿಟ್ಟು ಹೋದ. ಪಂಚಮಿ ಅಂದ್ರ ಅಕ್ಕ ತಂಗೇರು ಅಣ್ಣ ತಮ್ಮಂದಿರ ಹೆಸರಿಲೆ ನಾಗಪ್ಪಗ ಹಾಲು ಎರಿಯೋ ಹಬ್ಬ. ಈ ವರ್ಷ ನಾ ಅವನ ಹೆಸರ ತಗೀಲಿಲ್ಲ.