ತಾಳಮದ್ದಳೆಯಲ್ಲಿ ಗೆದ್ದ ವಕೀಲೆ

ಕುಂದಾಪುರದ ಕಡೆಯ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಆ ವರ್ಷ ಒಂದು ಹಳೆಯ ಅಮೆರಿಕನ್ ಕಾದಂಬರಿ ಪಠ್ಯವಾಗಿತ್ತು. ಲೈಬ್ರರಿಯಲ್ಲಿ ಇದ್ದದ್ದು ಒಂದೇ ಪ್ರತಿ, ಅದಕ್ಕೂ ಗೆದ್ದಲು. ಪಾಠ ಹೇಳಿದರೆ ಹಿಂದಿನ ಬೆಂಚು ಆಕಳಿಸುತ್ತಿತ್ತು. ನನಗೋ ಮೂಗಿನ ತುದಿಯಲ್ಲಿ ಸಿಟ್ಟು.

ಕಾದಂಬರಿಯಲ್ಲಿ ಕುದುರೆ ಕದ್ದನೆಂದು ಒಬ್ಬ ಆಳನ್ನು ಕೋರ್ಟಿಗೆ ಎಳೆಯುತ್ತಾರೆ. ಅವನು ಕದ್ದಿರುವುದಿಲ್ಲ. ಇದನ್ನು ತಾಳಮದ್ದಳೆ ಮಾಡಿಸಿದರೆ ಹೇಗೆ ಅನ್ನಿಸಿತು. ಕುಣಿತ ಬೇಡ, ವೇಷ ಬೇಡ, ಕೂತು ವಾದ ಮಾಡಿದರೆ ಸಾಕು. ಈ ಊರಿನ ಮಕ್ಕಳಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಡೆಸ್ಕೇ ಮದ್ದಳೆಯಾಯಿತು. ಹಾಡಿ ಪ್ರಸಂಗ ನಡೆಸುವ ಭಾಗವತರ ಜಾಗದಲ್ಲಿ ನಾನು ಕೂತೆ.

ಆಳಿನ ಪರ ವಕೀಲೆಯಾದವಳು ಮರವಂತೆ ಕಡೆಯ ಹುಡುಗಿ. ತಾಯಿ ಮೀನು ಮಾರುತ್ತಿದ್ದರು. ಹಿಂದಿನ ಪರೀಕ್ಷೆಯಲ್ಲಿ ಇಂಗ್ಲಿಷ್ ಹೋಗಿತ್ತು. ಈ ಸಲವೂ ಹೋದರೆ ಕಾಲೇಜು ಬಿಟ್ಟು ಗೇರುಬೀಜದ ಫ್ಯಾಕ್ಟರಿಗೆ ಅಂತ ಮನೆಯಲ್ಲಿ ಹೇಳಿಯಾಗಿತ್ತು. ಇದನ್ನು ಅವಳೇ ನನಗೆ ಹೇಳಿದ್ದಳು.

ಬಾಯಿ ತೆರೆದಳು ನೋಡಿ! "ಹ್ವಾಯ್, ಇವ ಕುದ್ರಿ ಕದ್ದದ್ ಕಂಡವ್ರ್ ಯಾರ್? ಕಂಡಿದ್ರೆ ಅವತ್ತೇ ಎಂತಕ್ ಹೇಳ್ಲಿಲ್ಲ?" ಎದುರು ಪಕ್ಷದವರು ತೊದಲಿದರು. ನ್ಯಾಯಾಧೀಶನಾಗಿದ್ದವನು ಕೈಮುಗಿದು ಆಳನ್ನು ಬಿಟ್ಟುಬಿಟ್ಟ. ಕ್ಲಾಸು ಶಿಳ್ಳೆ ಹಾಕಿತು.

ತಾಳಮದ್ದಳೆಯಲ್ಲಿ ಎಷ್ಟು ಬೇಕಾದರೂ ವಾದಿಸಬಹುದು, ಪ್ರಸಂಗದ ಕೊನೆ ಬದಲಾಗುವ ಹಾಗಿಲ್ಲ. ಮಾತು ದಾರಿ ತಪ್ಪಿದರೆ ಭಾಗವತರು ಮುಂದಿನ ಪದ ಹಾಡಿ ನಿಲ್ಲಿಸಬೇಕು. ಪುಸ್ತಕದಲ್ಲಿ ಆಳಿಗೆ ಶಿಕ್ಷೆಯಾಗುತ್ತದೆ. ನಾನು ನಿಲ್ಲಿಸಲಿಲ್ಲ, ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಕೊನೆಯನ್ನು ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನ ಮಳೆಗೆ ರಜೆ, ಆಮೇಲೆ ವ್ಯಾಕರಣ. ಮರೆತೇಹೋಯಿತು. ಉಳಿದವರ ಹತ್ತಿರ ಪೇಟೆಯ ಗೈಡ್ ಇತ್ತು. ಅವಳ ಹತ್ತಿರ ನನ್ನ ಕ್ಲಾಸು ಮಾತ್ರ ಇತ್ತು.

ಪರೀಕ್ಷೆ ಮುಗಿಸಿ ಓಡಿಬಂದಳು. "ಮೇಡಂ, ಕೋರ್ಟಿನ ಪ್ರಶ್ನೆಯೇ ಬಂದಿತ್! ಎರಡ್ ಪುಟ ಬರ್ದೆ, ಅವನ್ನ ಹ್ಯಾಂಗೆ ಬಿಡ್ಸಿದ್ ಅಂತ." ಕಥೆಯ ಕೊನೆ ಹೇಳಿಯೇ ಇಲ್ಲವೆಂದು ನನಗೆ ಆಗ ನೆನಪಾಯಿತು. ಆದರೂ "ಒಳ್ಳೇದಾಯ್ತು" ಅಂದೆ. ಹೇಡಿತನಕ್ಕೆ ಬೇರೆ ಹೆಸರು ಯಾಕೆ ಕೊಡಲಿ.

ಫಲಿತಾಂಶ ಬಂತು, ಅವಳ ಇಂಗ್ಲಿಷ್ ಹೋಗಿತ್ತು. ಟಿಸಿ ಒಯ್ಯಲು ಬಂದ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ತಡೆದು ನಿಜ ಹೇಳಿದೆ: ಪುಸ್ತಕದಲ್ಲಿ ಅವನಿಗೆ ಶಿಕ್ಷೆಯಾಗುತ್ತದೆ.

"ತಪ್ಪೇ ಮಾಡ್ದಿದ್ರೂ?"

"ಹೌದು."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು.

"ಅದನ್ನ ಅವತ್ತೇ ಹೇಳ್ಬೇಕಿತ್ ಮೇಡಂ," ಅಂದಳು.